ಕುಕ್ಕರ್ ಆಫ್ ಮಾಡಿ ಬರ್ಲಾ ಸಾರ್?

ಈಚೆಗೆ ನನಗೊಂದು ಕೆಟ್ಟ ಅಭ್ಯಾಸ ಆಗಿದೆ. ಗೊತ್ತಿಲ್ಲದ ನಂಬರಿಂದ ಫೋನ್ ಬಂದರೆ ಎತ್ತುತ್ತೇನೆ, ಆದರೆ ಮಾತಾಡುವುದಿಲ್ಲ. ಆ ಕಡೆಯವರೇ ಮೊದಲು ಬಾಯಿ ಬಿಡಲಿ ಅಂತ ಸುಮ್ನೆ ಕಿವಿಗಿಟ್ಟುಕೊಂಡು ಕೂರುತ್ತೇನೆ. ಹೋದ ತಿಂಗಳು ಹೀಗೇ ಒಂದು ಫೋನ್ ಬಂತು. ನಾನೂ ಮಾತಾಡಲಿಲ್ಲ, ಅವರೂ ಮಾತಾಡಲಿಲ್ಲ. ಹಿಂದೆ ಎಲ್ಲೋ ಸ್ಕೂಟರ್ ಹೋದ ಸದ್ದು, ಯಾರೋ ಕೆಮ್ಮಿದ ಸದ್ದು. ಹತ್ತು ಸೆಕೆಂಡ್ ನೋಡಿ ಇಟ್ಟೆ. ಸಂಜೆ ವಾಟ್ಸಾಪಿನಲ್ಲಿ ಮೆಸೇಜು ಬಂತು. ಫೋನ್ ಮಾಡಿದ್ದು ನನ್ನ ಹೈಸ್ಕೂಲಿನ ಗಣಿತದ ಮೇಷ್ಟ್ರು. ಮೊಮ್ಮಗಳ ನಾಮಕರಣಕ್ಕೆ ಕರೆಯೋಕೆ ಮಾಡಿದ್ದರಂತೆ. 'ನೀನು ಹಲೋ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಮೊದಲು ನಾವು ಬಾಯಿ ಬಿಡಬಾರದು ಅಂತ ಮಗ ಹೇಳಿಕೊಟ್ಟಿದ್ದಾನೆ' ಅಂತ ಬರೆದಿದ್ದರು. ಇಬ್ಬರೂ ಫೋನಿನಲ್ಲೇ ದುಡ್ಡು ಹೊಡೆಯುವ ಕಳ್ಳರಿಗೆ ಹೆದರಿ ಒಬ್ಬರ ಉಸಿರು ಒಬ್ಬರು ಕೇಳಿಸಿಕೊಂಡು ಫೋನ್ ಇಟ್ಟಿದ್ದೆವು.

ನಗು ಬಂತು, ಬೇಜಾರೂ ಆಯ್ತು. ನಮ್ಮ ಊರು ತಿಪಟೂರು. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಗೆ ಇದ್ದದ್ದು ಒಂದೇ ಫೋನು. ಲಗ್ನಪತ್ರಿಕೆಯಲ್ಲಿ ಆ ಮನೆಯವರ ನಂಬರನ್ನೇ ಹಾಕಿ ಪಕ್ಕದಲ್ಲಿ 'ಪಿ.ಪಿ.', ಅಂದರೆ ಪಕ್ಕದವರ ಫೋನು, ನಮ್ಮನ್ನು ಕರೆಸಿ ಅಂತ ಬರೆಸುತ್ತಿದ್ದೆವು. ಆ ಮನೆಯ ಹುಡುಗ ಓಡಿ ಬಂದು 'ಆಂಟಿ, ನಿಮಗೆ ಫೋನು, ಐದು ನಿಮಿಷ ಬಿಟ್ಟು ಮತ್ತೆ ಮಾಡ್ತಾರಂತೆ' ಅಂದರೆ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು, ತಲೆ ಬಾಚಿಕೊಂಡು ಹೋಗುತ್ತಿದ್ದಳು. ಫೋನಿನಲ್ಲಿ ಮುಖ ಕಾಣುತ್ತೆ ಅನ್ನೋ ಹಾಗೆ. ಎಸ್‌ಟಿಡಿಗೆ ದುಡ್ಡು ಖರ್ಚಾಗುತ್ತಿದ್ದ ಕಾಲ, ಯಾರೂ ಸುಮ್ಮಸುಮ್ಮನೆ ಮಾಡುತ್ತಿರಲಿಲ್ಲ. ಹುಟ್ಟು, ಸಾವು, ನೆಂಟಸ್ತಿಕೆ, ರಿಸಲ್ಟು. ಫೋನ್ ಬಂತು ಅಂದರೆ ಯಾರೋ ನಮಗೋಸ್ಕರ ಅಷ್ಟು ಕಷ್ಟ ತಗೊಂಡಿದ್ದಾರೆ ಅಂತ ಅರ್ಥ. ಅಂಥವರು ಮಾತಾಡ್ತಿರುವಾಗ ಮಧ್ಯದಲ್ಲಿ ರಿಸೀವರ್ ಇಡೋದು ಮನೆಗೆ ಬಂದವರ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಅಮ್ಮ ಇವತ್ತಿಗೂ ಅದೇ ಅಮ್ಮ. ಕ್ರೆಡಿಟ್ ಕಾರ್ಡ್ ಮಾರುವ ಹುಡುಗಿಗೂ 'ಊಟ ಆಯ್ತಾ ಮಗಳೇ' ಅಂತ ಕೇಳಿ ಇಡುತ್ತಾಳೆ.

ಇಂಥ ಅಮ್ಮನಿಗೆ ನಾನು ಕೈಗೊಂದು ಸ್ಮಾರ್ಟ್‌ಫೋನ್ ಕೊಟ್ಟು ಬೆಂಗಳೂರಿಗೆ ಬಂದುಬಿಟ್ಟೆ.

ಕೆಇಬಿಯವರ ಮನೆಯ ಕರೆಂಟು

ಅಪ್ಪ ಕೆಇಬಿಯಲ್ಲಿ ಇದ್ದವರು. 1999ರಲ್ಲಿ ಅದು ಕೆಪಿಟಿಸಿಎಲ್ ಆಯ್ತು, 2002ರಲ್ಲಿ ಬೇರೆ ಬೇರೆ ಕಂಪನಿಗಳಾಯ್ತು, ನಮ್ಮ ಮನೆಯಲ್ಲಿ ಮಾತ್ರ ಇವತ್ತಿಗೂ ಅದು ಕೆಇಬಿಯೇ. ಬಿಲ್ ಕಟ್ಟದವರ ಮನೆಗೆ ಹೋಗಿ ಫ್ಯೂಸ್ ಕಿತ್ತು ತರುವ ಕೆಲಸವೂ ಅಪ್ಪನ ಪಾಲಿಗೆ ಬರುತ್ತಿತ್ತು. ಹಾಗೆ ಬಂದ ದಿನ ಅಪ್ಪ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಅಮ್ಮನಿಗೆ ಅದರಿಂದ ಒಂದು ವಿಷಯ ಮಾತ್ರ ಮನಸ್ಸಲ್ಲಿ ಕೂತುಬಿಟ್ಟಿತ್ತು: ಊರಲ್ಲಿ ಯಾರ ಮನೆ ಫ್ಯೂಸ್ ಬೇಕಾದರೂ ಕೀಳಲಿ, ನಮ್ಮ ಮನೆಯದು ಕೀಳಬಾರದು.

2022ರ ಬೇಸಿಗೆಯಲ್ಲಿ ಅವಳಿಗೊಂದು ಎಸ್‌ಎಂಎಸ್ ಬಂತು. ಆ ವರ್ಷ ಎಷ್ಟೋ ಜನರಿಗೆ ಬಂದದ್ದೇ. ಹಿಂದಿನ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ಇವತ್ತು ರಾತ್ರಿ 9.30ಕ್ಕೆ ಕರೆಂಟ್ ಕಟ್ ಮಾಡ್ತೀವಿ, ಕೂಡಲೇ ಈ ಆಫೀಸರಿಗೆ ಫೋನ್ ಮಾಡಿ. ಎಲ್ಲಾ ಇಂಗ್ಲಿಷಿನಲ್ಲಿ. ಅಮ್ಮನಿಗೆ ಅದರಲ್ಲಿ ಅರ್ಥವಾದದ್ದು ಮೂರೇ: 9.30, ಕಟ್, ಆಫೀಸರ್. ರಾತ್ರಿ ಒಂಬತ್ತೂವರೆಗೆ ಯಾವ ಲೈನ್‌ಮನ್ ಬಂದು ಫ್ಯೂಸ್ ಕೀಳುತ್ತಾನೆ? ಅಪ್ಪ ಇದ್ದಿದ್ದರೆ ಮೊದಲು ಕೇಳುತ್ತಿದ್ದದ್ದು ಇದನ್ನೇ. ಆದರೆ ಅಪ್ಪ ಇರಲಿಲ್ಲ, ನಾನೂ ಇರಲಿಲ್ಲ. ಅಮ್ಮ ಆ ಹತ್ತು ಅಂಕಿಯ ನಂಬರಿಗೆ ಫೋನ್ ಮಾಡಿದಳು. ಆ ಕಡೆಯವನು ಚೆನ್ನಾಗಿ ಕನ್ನಡ ಮಾತಾಡಿದನಂತೆ. 'ಗಾಬರಿ ಬೇಡಮ್ಮ, ಹತ್ತು ರೂಪಾಯಿ ಕಟ್ಟಿದ್ರೆ ಅಪ್‌ಡೇಟ್ ಆಗುತ್ತೆ' ಅಂದನಂತೆ. ಒಂದು ಆ್ಯಪ್ ಹಾಕಿಸಿದ. ಅದರಲ್ಲಿ ಕಂಡ ನಂಬರ್ ಓದಿಸಿಕೊಂಡ. ಅಲ್ಲಿಂದ ಮುಂದೆ ಅಮ್ಮನ ಫೋನಿನಲ್ಲಿ ಕಾಣುವುದೆಲ್ಲ ಅವನಿಗೂ ಕಾಣುತ್ತಿತ್ತು. ಹತ್ತು ರೂಪಾಯಿ ಕಟ್ಟಲು ಎಟಿಎಂ ಕಾರ್ಡಿನ ನಂಬರ್ ಹಾಕಿದಳು, ಒಟಿಪಿ ಬಂತು, ಅವನೇ ನೋಡಿಕೊಂಡ. ಬಿಲ್ಲುಗಳನ್ನೆಲ್ಲ ತಂತಿಗೆ ಚುಚ್ಚಿ ಅಡುಗೆಮನೆ ಗೋಡೆಗೆ ನೇತುಹಾಕುವುದು ಅಪ್ಪನ ಕಾಲದಿಂದ ಬಂದ ಪದ್ಧತಿ. ಆ ತಿಂಗಳ ಬಿಲ್ ಕಟ್ಟಿದ ರಸೀದಿಯನ್ನು ತಂತಿಯಿಂದ ಬಿಡಿಸಿ ಕೈಯಲ್ಲಿ ಹಿಡಿದುಕೊಂಡೇ ಅಮ್ಮ ಇಷ್ಟೂ ಮಾಡಿದ್ದಳು. 'ಕಟ್ಟಿದೀನಿ ಸಾರ್, ರಸೀದಿ ಇದೆ' ಅಂದದ್ದಕ್ಕೆ ಅವನು 'ಇದೆ ಅಮ್ಮ, ನಮ್ಮ ಸಿಸ್ಟಮ್ಮಲ್ಲಿ ಬಂದಿಲ್ಲ ಅಷ್ಟೇ' ಅಂದನಂತೆ. ಸರ್ಕಾರಿ ಆಫೀಸಿಗೆ ಒಮ್ಮೆಯಾದರೂ ಹೋಗಿ ಬಂದ ಯಾರು ತಾನೆ ಈ ಮಾತನ್ನು ನಂಬುವುದಿಲ್ಲ ಹೇಳಿ.

ನನಗೆ ಹೇಳಿದ್ದು ಮೂರನೇ ದಿನ. ರಜೆ ಹಾಕಿ ಹೋದೆ. ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಹಾಕಿಸಿದೆವು. ಮಿಷನ್ನಿಗೆ ಪುಸ್ತಕ ಕೊಟ್ಟಾಗ ಕರಕರ ಅಂತ ಮೂರು ಸಾಲು ಪ್ರಿಂಟ್ ಆಗಿ ಬಂತು. 9,999. 5,000. 3,401. ಅಮ್ಮ ಅದನ್ನು ಬೆರಳಿಟ್ಟು ಓದಿದಳು. ಕೌಂಟರಿನವರು 'ಒಟಿಪಿ ಕೊಟ್ರಾ?' ಅಂತ ಕೇಳಿದರು. 'ನಾನ್ ಕೊಟ್ಟಿಲ್ಲಪ್ಪ, ಅವನೇ ನೋಡ್ಕೊಂಡ' ಅಂದಳು ಅಮ್ಮ. ಅವರು ನನ್ನ ಮುಖ ನೋಡಿದರು. ಆಗ ನನಗೆ ಏನಾಯ್ತೋ ಗೊತ್ತಿಲ್ಲ. ಹಿಂದೆ ಏಳೆಂಟು ಜನ ಕ್ಯೂನಲ್ಲಿದ್ದರು. ಅವರೆಲ್ಲರ ಎದುರಿಗೆ ಸ್ವಲ್ಪ ಜೋರಾಗಿಯೇ ಅಂದುಬಿಟ್ಟೆ: 'ಇಷ್ಟು ವರ್ಷ ಕೆಇಬಿಯವರ ಜೊತೆ ಸಂಸಾರ ಮಾಡಿ ಅಷ್ಟೂ ಗೊತ್ತಾಗಲ್ವಾ ಅಮ್ಮ ನಿಂಗೆ?' ಅಮ್ಮ ಮಾತಾಡಲಿಲ್ಲ. ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ರಬ್ಬರ್ ಬ್ಯಾಂಡ್ ಎರಡು ಸುತ್ತು ಸುತ್ತಿ, ಚೀಲದ ತಳಕ್ಕೆ ಇಟ್ಟುಕೊಂಡಳು.

ದುಡ್ಡು ವಾಪಸ್ ಬರಲಿಲ್ಲ. ಆಗ ನಡೆಯುತ್ತಿದ್ದದ್ದು ರಿಸರ್ವ್ ಬ್ಯಾಂಕ್ ಈ ಬಗ್ಗೆ 2017ರಲ್ಲಿ ಮಾಡಿದ್ದ ನಿಯಮ. ಗ್ರಾಹಕರ ತಪ್ಪಿಲ್ಲದೆ ಹೊರಗಿನವರು ದುಡ್ಡು ಹೊಡೆದು, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಮ್ಮದಲ್ಲ. ಆದರೆ ನಾವೇ ಪಿನ್ನು, ಒಟಿಪಿ ಬಿಟ್ಟುಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗೆ ಹೋದದ್ದು ನಮ್ಮ ತಲೆಗೆ, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ತಲೆಗೆ. ಹಾಗಾಗಿ ಮೋಸ ಆದ ಕೂಡಲೇ ಬ್ಯಾಂಕಿಗೂ ಸೈಬರ್ ಸಹಾಯವಾಣಿ 1930ಕ್ಕೂ ಫೋನ್ ಮಾಡಬೇಕು. ಇವರು ದುಡ್ಡನ್ನು ಒಂದು ಖಾತೆಯಲ್ಲಿ ಇಟ್ಟುಕೊಂಡು ಕೂರುವುದಿಲ್ಲ. ಕಮಿಷನ್ ಆಸೆಗೆ ತಮ್ಮ ಖಾತೆ ಬಾಡಿಗೆಗೆ ಕೊಟ್ಟವರು ಎಷ್ಟೋ ಜನ ಇರುತ್ತಾರೆ, ಅಂಥವರ ಒಂದು ಖಾತೆಯಿಂದ ಹತ್ತಕ್ಕೆ, ಹತ್ತರಿಂದ ಇನ್ನೆಲ್ಲಿಗೋ ಹಾರಿಸಿಬಿಡುತ್ತಾರೆ. ಹಾರುವ ಮೊದಲು ಖಾತೆ ತಡೆದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾವು ಹೋದದ್ದು ಮೂರನೇ ದಿನ.

ನಾವು ಮಾರ್ತಿರೋದಾ, ಕೊಳ್ತಿರೋದಾ?

ಅಮ್ಮನಿಗೆ ಹಾಗೆ ಬೈದವನ ಕಥೆ ಈಗ ಕೇಳಿ. 2023ರಲ್ಲಿ ಮನೆ ಬದಲಾಯಿಸುವಾಗ ಹಳೇ ಸೋಫಾ ಮಾರೋಕೆ ಆನ್‌ಲೈನ್ ಹಾಕಿದ್ದೆ. ಅರ್ಧ ಗಂಟೆಯಲ್ಲಿ ಫೋನ್. ತಾನು ಸೈನ್ಯದಲ್ಲಿ ಇದ್ದೀನಿ, ಬೆಂಗಳೂರಿಗೆ ಪೋಸ್ಟಿಂಗ್ ಆಗಿದೆ, ಸೋಫಾ ಬೇಕು, ಚೌಕಾಸಿ ಮಾಡಲ್ಲ ಅಂದ. ಸೈನ್ಯ ಅಂದ ಕೂಡಲೇ ನನ್ನ ಬೆನ್ನು ತಾನೇ ನೆಟ್ಟಗಾಯ್ತು. ಅಡ್ವಾನ್ಸ್ ಕಳಿಸ್ತೀನಿ ಅಂತ ಒಂದು ಕ್ಯೂಆರ್ ಕೋಡ್ ಕಳಿಸಿದ. 'ಸ್ಕ್ಯಾನ್ ಮಾಡಿ ಪಿನ್ ಹಾಕಿ, ನಿಮ್ಮ ಖಾತೆಗೆ ಬರುತ್ತೆ.' ನಾನು ಸ್ಕ್ಯಾನ್ ಮಾಡಿದೆ. ಆರು ಅಂಕಿಯ ಪಿನ್ನಿನಲ್ಲಿ ನಾಲ್ಕು ಒತ್ತಿದ್ದೆ. ಹಿಂದೆ ಬಟ್ಟೆ ಮಡಚುತ್ತಿದ್ದ ಹೆಂಡತಿ ಇಣುಕಿ ನೋಡಿ ಕೇಳಿದಳು: 'ರೀ, ನಾವು ಸೋಫಾ ಮಾರ್ತಿರೋದಾ, ಕೊಳ್ತಿರೋದಾ?'

ಯುಪಿಐ ಪಿನ್ ಬೇಕಾಗುವುದು ದುಡ್ಡು ಕೊಡೋಕೆ. ದುಡ್ಡು ಬರೋಕೆ ಪಿನ್ ಬೇಡ, ಸ್ಕ್ಯಾನೂ ಬೇಡ. ಇದು ನನಗೆ ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. ಆಫೀಸಿನಲ್ಲಿ ವರ್ಷಕ್ಕೆರಡು ಸಲ ಸೈಬರ್ ಸೆಕ್ಯುರಿಟಿ ಟ್ರೈನಿಂಗ್ ಮಾಡಿಸಿ, ಕೊನೆಗೆ ಹತ್ತು ಪ್ರಶ್ನೆ ಕೇಳಿ ಸರ್ಟಿಫಿಕೇಟ್ ಕೊಡುತ್ತಾರೆ. ನಾನು ಯಾವಾಗಲೂ ಹತ್ತಕ್ಕೆ ಹತ್ತು. ಆದರೆ ಆ ಹೊತ್ತಿಗೆ ಲಾರಿಯವನು ಕೆಳಗೆ ಹಾರ್ನ್ ಹೊಡೆಯುತ್ತಿದ್ದ, ಫೋನಿನಲ್ಲಿದ್ದವನು 'ಬೇಗ ಸಾರ್, ಡ್ಯೂಟಿ ಟೈಮು' ಅಂತಿದ್ದ. ಗೊತ್ತಿರೋದು ತಲೆಯ ಯಾವುದೋ ಮೂಲೆಯಲ್ಲಿ ಮಲಗಿತ್ತು.

ಹೆಂಡತಿಗೆ ಹೇಳಿದ್ದೆ, 'ಇದನ್ನ ಅಮ್ಮನಿಗೆ ಹೇಳಬೇಡ' ಅಂತ. ಅವಳು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಒಂಬತ್ತು ಒತ್ತಿ

2024ರ ಡಿಸೆಂಬರ್. ಇದನ್ನು ನಾನು ಕಣ್ಣಾರೆ ನೋಡಿಲ್ಲ, ಅಮ್ಮ ಮತ್ತು ಪಕ್ಕದ ಮನೆಯ ಆಂಟಿ ಇಬ್ಬರೂ ಹೇಳಿದ್ದನ್ನು ಸೇರಿಸಿ ಬರೆಯುತ್ತಿದ್ದೇನೆ. ಆಂಟಿಯ ಕಡೆಯಿಂದ ಸ್ವಲ್ಪ ಉಪ್ಪು ಖಾರ ಜಾಸ್ತಿ ಬಿದ್ದಿರಬಹುದು.

ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಫೋನ್. ರೆಕಾರ್ಡ್ ಮಾಡಿದ ಹೆಣ್ಣು ದನಿ. ನಿಮ್ಮ ಹೆಸರಿನಲ್ಲಿರುವ ಎಲ್ಲಾ ನಂಬರುಗಳನ್ನು ಎರಡು ಗಂಟೆಯೊಳಗೆ ಬಂದ್ ಮಾಡುತ್ತೇವೆ, ಹೆಚ್ಚಿನ ಮಾಹಿತಿಗೆ ಒಂಬತ್ತು ಒತ್ತಿ. ಅಮ್ಮ ಒತ್ತಿದಳು. ಟ್ರಾಯ್‌ನವರು, ಅಂದರೆ ಫೋನ್ ಕಂಪನಿಗಳ ಮೇಲಿನ ಸರ್ಕಾರಿ ಪ್ರಾಧಿಕಾರದವರು, ಅಂತ ಒಬ್ಬ ಬಂದ. ನಿಮ್ಮ ಆಧಾರ್ ಕೊಟ್ಟು ಮುಂಬೈನಲ್ಲಿ ಯಾರೋ ಸಿಮ್ ತಗೊಂಡಿದ್ದಾರೆ, ಅದರಿಂದ ಕೆಟ್ಟ ಮೆಸೇಜು ಹೋಗಿದೆ, ಕೇಸಾಗಿದೆ, ಮುಂಬೈ ಪೊಲೀಸರಿಗೆ ಲೈನ್ ಕೊಡ್ತೀನಿ ಅಂದ. ಎಲ್ಲವೂ ಹಿಂದಿಯಲ್ಲಿ. ಹಿಂದಿ ಬರದೇ ಇದ್ದಿದ್ದರೆ ಅಮ್ಮ ಅಲ್ಲಿಗೇ ಬಚಾವಾಗುತ್ತಿದ್ದಳು. ನಮ್ಮ ಬೀದಿಯ ಎಷ್ಟೋ ಹೆಂಗಸರನ್ನು ಇಲ್ಲಿಯವರೆಗೆ ಕಾಪಾಡಿರೋದು 'ಹಿಂದಿ ನಹೀ ಮಾಲೂಮ್' ಅನ್ನೋ ಒಂದೇ ಮಾತು. ಆದರೆ ಅಮ್ಮ ದೂರದರ್ಶನದಲ್ಲಿ ಭಾನುವಾರ ಬೆಳಗಿನ ಪೌರಾಣಿಕ ಧಾರಾವಾಹಿ ನೋಡಿ ಹಿಂದಿ ಕಲಿತವಳು. ಅವಳ ಹಿಂದಿಯಲ್ಲಿ ಗೌರವ ಜಾಸ್ತಿ, ಎದುರು ಮಾತೇ ಇಲ್ಲ.

ಆಮೇಲೆ ವಾಟ್ಸಾಪ್ ವಿಡಿಯೋ ಕಾಲ್. ಖಾಕಿ ಬಟ್ಟೆಯವನು, ಹಿಂದೆ ಗೋಡೆಯ ಮೇಲೆ ಲಾಂಛನ, ಮೇಜಿನ ಮೇಲೆ ಫೈಲು, ಪುಟ್ಟ ಬಾವುಟ. ಅಮ್ಮ ಮೊದಲು ಮಾಡಿದ್ದು ಸೆರಗು ಸರಿಮಾಡಿಕೊಂಡದ್ದು. ನೀವು ಈಗ ಡಿಜಿಟಲ್ ಅರೆಸ್ಟಿನಲ್ಲಿದ್ದೀರಿ ಅಂದನಂತೆ ಅವನು. ಕ್ಯಾಮೆರಾ ಮುಂದೆಯೇ ಇರಬೇಕು. ಬಾಗಿಲು ಚಿಲಕ ಹಾಕಬೇಕು. ಫೋನ್ ಇಡಬಾರದು. ಇದು ದೇಶದ ಗುಟ್ಟಿನ ಕೇಸು, ಯಾರಿಗೂ ಹೇಳಬಾರದು, ಮಗನಿಗೂ ಹೇಳಬಾರದು, ಹೇಳಿದರೆ ಮಗನೂ ಕೇಸಿನಲ್ಲಿ ಬರುತ್ತಾನೆ. ಅಮ್ಮ ಫೋನನ್ನು ಒಗ್ಗರಣೆ ಡಬ್ಬಿಗೆ ಒರಗಿಸಿ ಇಟ್ಟು ಅದರ ಎದುರಿಗೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ಒಲೆಯ ಮೇಲೆ ಬೇಳೆ ಬೇಯುತ್ತಿತ್ತು. ಒಂದು ಕೂಗು, ಎರಡು ಕೂಗು, ಮೂರು ಕೂಗು. ನಾಲ್ಕನೇ ಕೂಗಿಗೆ ಅಮ್ಮ ಕೈ ಎತ್ತಿ, ಸ್ಕೂಲ್ ಮಕ್ಕಳು ಮೇಷ್ಟ್ರನ್ನು ಕೇಳುವ ಹಾಗೆ, ತನಗೆ ಬಂದ ಹಿಂದಿಯಲ್ಲಿ ಕೇಳಿದಳಂತೆ. ಕುಕ್ಕರ್ ಆಫ್ ಮಾಡಿ ಬರ್ಲಾ ಸಾರ್?

ಅವನು ಎರಡು ನಿಮಿಷ ಟೈಮ್ ಕೊಟ್ಟನಂತೆ.

ತನ್ನ ಮನೆ, ತನ್ನ ಅಡುಗೆಮನೆ, ತನ್ನ ಕುಕ್ಕರು. ನಲವತ್ತು ವರ್ಷದಿಂದ ಆ ಒಲೆಯ ಮುಂದೆ ನಿಂತವಳು. ಈ ಒಂದು ಮಾತು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆಯಲ್ಲಿ ಏನೋ ತಿರುಚಿದ ಹಾಗಾಗುತ್ತೆ.

ಆಮೇಲೆ ಅವನು ನಿಧಾನಕ್ಕೆ ಖಾತೆಗಳ ವಿಷಯಕ್ಕೆ ಬಂದ. ಎಫ್‌ಡಿ ಎಷ್ಟಿದೆ, ಯಾವ ಬ್ಯಾಂಕು, ನಾಮಿನಿ ಯಾರು. ಅಪ್ಪನ ನಿವೃತ್ತಿಯ ದುಡ್ಡು ಆರು ಲಕ್ಷ ಇತ್ತು. ಅದನ್ನು ಮುರಿಸಿ, ತಾನು ಹೇಳುವ ಖಾತೆಗೆ ಹಾಕಬೇಕು, ರಿಸರ್ವ್ ಬ್ಯಾಂಕಿನವರು ಪರಿಶೀಲಿಸಿ ಎರಡು ದಿನದಲ್ಲಿ ವಾಪಸ್ ಹಾಕುತ್ತಾರೆ. ಬ್ಯಾಂಕಿನಲ್ಲಿ ಕೇಳಿದರೆ ಮನೆ ರಿಪೇರಿಗೆ ಅನ್ನಿ. ಅಮ್ಮ ಒಳಗೆ ಹೋಗಿ ಎಫ್‌ಡಿ ಬಾಂಡ್ ತಂದು ಕ್ಯಾಮೆರಾಗೆ ಹಿಡಿದು ತೋರಿಸಿದಳು. ಸೀರೆ ಬದಲಾಯಿಸಿಕೊಂಡು ಹೊರಡೋದೊಂದೇ ಬಾಕಿ.

ಅಷ್ಟರಲ್ಲಿ ಪಕ್ಕದ ಮನೆಯ ಆಂಟಿ ಬಾಗಿಲು ಬಡಿದರು. ಅವರ ಮನೆಯಲ್ಲಿ ಮೊಸರು ಮುಗಿದಿತ್ತು, ಹೆಪ್ಪಿಗೆ ಬಂದಿದ್ದರು, ಕೈಯಲ್ಲಿ ಲೋಟ. ಬಾಗಿಲು ತೆಗೀಬೇಡಿ ಅಂದ ಖಾಕಿಯವನು. ಅಮ್ಮ ಕೂತೇ ಇದ್ದಳು. ಆಂಟಿ ಮತ್ತೆ ಕೂಗಿದರು, 'ಏನ್ರೀ, ಮಲಗಿಬಿಟ್ರಾ?' ಅಮ್ಮನಿಗೆ ತಡೆಯಲಾಗಲಿಲ್ಲ. ಬಂದವರನ್ನು ಹೊಸ್ತಿಲ ಆಚೆ ನಿಲ್ಲಿಸೋದು ಅವಳ ಕೈಲಿ ಆಗದ ಕೆಲಸ. ಹೋಗಿ ಚಿಲಕ ತೆಗೆದು, ತುಟಿಯ ಮೇಲೆ ಬೆರಳಿಟ್ಟು, ಮಾತಾಡಬೇಡಿ ಅಂತ ಸನ್ನೆ ಮಾಡಿದಳು. ಆಂಟಿ ಎಂದಾದರೂ ಮಾತಾಡದೇ ಇದ್ದದ್ದುಂಟಾ? ಸೀದಾ ಅಡುಗೆಮನೆಗೆ ಬಂದವರು ಫೋನಿನಲ್ಲಿ ಖಾಕಿ ಬಟ್ಟೆ ನೋಡಿ ಕೇಳಿದರು: 'ಇದ್ಯಾವುದ್ರೀ, ಹೊಸ ಸೀರಿಯಲ್ಲಾ?'

ಸೀರಿಯಲ್ಲಿನವನು ಕಿರುಚತೊಡಗಿದ. ಯಾರದು, ಕ್ಯಾಮೆರಾ ಮುಂದೆ ಬಾ, ನಿನ್ನನ್ನೂ ಒಳಗೆ ಹಾಕ್ತೀನಿ. ಆಂಟಿಗೆ ಹಿಂದಿ ಬರಲ್ಲ. ಬರೋ ಅಗತ್ಯವೂ ಇರಲಿಲ್ಲ, ಬೈಗುಳ ಅಂತ ಗೊತ್ತಾಯ್ತು. 'ಇದೇನ್ರೀ, ಇವ್ನು ನಮ್ಮನ್ನೇ ಬೈತಾ ಇದಾನೆ!' ಅಂದವರೇ ಫೋನ್ ತಗೊಂಡು ಕೆಂಪು ಗುಂಡಿ ಒತ್ತಿದರು. ಮತ್ತೆ ಮತ್ತೆ ರಿಂಗ್ ಆಯ್ತು. ಆಂಟಿ ಅದನ್ನು ಅಕ್ಕಿ ಡಬ್ಬದೊಳಗೆ ಇಟ್ಟು ಮುಚ್ಚಳ ಹಾಕಿದರಂತೆ. ಈ ಅಕ್ಕಿ ಡಬ್ಬದ ವಿಷಯ ಅಮ್ಮ ಒಪ್ಪುವುದಿಲ್ಲ.

ಎಳ್ಳು ಬೀರಿದ ದಿನ

ಇಷ್ಟೆಲ್ಲ ನಡೆದದ್ದು ನನಗೆ ಗೊತ್ತಾಗಿದ್ದು ಒಂದು ತಿಂಗಳಾದ ಮೇಲೆ, ಸಂಕ್ರಾಂತಿಗೆ ಊರಿಗೆ ಹೋದಾಗ. ಆಂಟಿ ಎಳ್ಳು ಬೀರೋಕೆ ಬಂದರು. ಸಕ್ಕರೆ ಅಚ್ಚು, ಕಬ್ಬಿನ ತುಂಡು ಎಲ್ಲ ಕೊಟ್ಟು, ಕೂತು, 'ನಿಮ್ಮಮ್ಮನ ಪೊಲೀಸಪ್ಪ ಮತ್ತೆ ಫೋನ್ ಮಾಡಿದ್ನೇನೋ?' ಅಂದರು. ಅಮ್ಮನ ಮುಖ ಬಿಳುಚಿಕೊಂಡಿತು.

ಎಲ್ಲ ಕೇಳಿದ ಮೇಲೆ ನಾನು ಕೇಳಿದ ಮೊದಲ ಪ್ರಶ್ನೆ, 'ನಂಗ್ಯಾಕೆ ಹೇಳಲಿಲ್ಲ?'

'ಬೈತೀಯಲ್ಲೋ. ಆವತ್ತು ಬ್ಯಾಂಕಲ್ಲಿ ಅಷ್ಟು ಜನರ ಮುಂದೆ ಬೈದೆ.'

ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಅನ್ನೋ ದಿನ ಅದು. ನನ್ನ ಬಾಯಲ್ಲಿ ಎಳ್ಳು ಹಾಗೇ ಉಳಿಯಿತು.

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕೇಳಿದೆ. ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯವರು ಇದೇ ಡಿಜಿಟಲ್ ಅರೆಸ್ಟ್ ಬಗ್ಗೆ ಮಾತಾಡಿ, ಹೀಗೆ ಬಂದ ಒಂದು ಕಾಲ್‌ನ ರೆಕಾರ್ಡಿಂಗನ್ನೇ ಕೇಳಿಸಿದ್ದರು. ಅದು ವಿಜಯಪುರದವರೊಬ್ಬರಿಗೆ ಬಂದಿದ್ದ ಕಾಲ್. ಅಮ್ಮ ರೇಡಿಯೋ ಬಿಡದೆ ಕೇಳುವವಳು. 'ಅದನ್ನ ಕೇಳಿರಲಿಲ್ವಾ?' ಅಂದೆ. 'ಕೇಳಿದ್ದೆ' ಅಂದಳು. 'ಅದು ಬಿಜಾಪುರದವರಿಗೆ ಬರೋದು ಅಂದ್ಕೊಂಡಿದ್ದೆ.'

ನಗಬೇಡಿ. ಅದೇ ಡಿಸೆಂಬರಿನಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಇದೇ ಥರ 11 ಕೋಟಿಗೂ ಜಾಸ್ತಿ ಕಳೆದುಕೊಂಡ ಸುದ್ದಿ ಪೇಪರಿನಲ್ಲಿ ಬಂದಿತ್ತು. ಅವರಿಗೆ ಏನು ಗೊತ್ತಿರಲಿಲ್ಲ ಹೇಳಿ? ನನಗೂ ಗೊತ್ತಿತ್ತಲ್ಲ, ನಾಲ್ಕು ಅಂಕಿ ಒತ್ತಿರಲಿಲ್ವಾ?

ಈ ಮೂರೂ ಕಥೆಗಳನ್ನು ಅವತ್ತು ರಾತ್ರಿ ಮಲಗಿಕೊಂಡು ತಿರುಗಿಸಿ ಮುರುಗಿಸಿ ನೋಡಿದೆ. ದುಡ್ಡು ಹೋದ ಸಲ ಅಮ್ಮ ಒಬ್ಬಳೇ ಇದ್ದಳು. ಉಳಿದ ಎರಡು ಸಲವೂ ಕೋಣೆಯೊಳಗೆ ಇನ್ನೊಬ್ಬರು ಬಂದರು. ಒಬ್ಬರ ಕೈಯಲ್ಲಿ ಮಡಚಿದ ಬಟ್ಟೆ, ಇನ್ನೊಬ್ಬರ ಕೈಯಲ್ಲಿ ಹೆಪ್ಪಿನ ಲೋಟ. ಇಬ್ಬರೂ ಸೈಬರ್ ತಜ್ಞರಲ್ಲ. ಆ ಫೋನಿನವನ ಮಾತಿನ ಹೊರಗೆ ಇದ್ದರು, ಅಷ್ಟೇ. ಒಳಗೆ ಸಿಕ್ಕಿಹಾಕಿಕೊಂಡವರಿಗೆ ಹೊಳೆಯದ ಸಾದಾ ಪ್ರಶ್ನೆ ಅವರ ಬಾಯಿಂದ ಸಲೀಸಾಗಿ ಬಂತು.

ಮೋಸ ಮಾಡುವವರಿಗೂ ಇದು ಚೆನ್ನಾಗಿ ಗೊತ್ತು. ಕಥೆ ದಿನಕ್ಕೊಂದು ಬದಲಾಗುತ್ತೆ. ಇವತ್ತು ಪಾರ್ಸಲ್ಲಿನಲ್ಲಿ ಡ್ರಗ್ಸ್, ನಾಳೆ ಕೆವೈಸಿ, ನಾಡಿದ್ದು ಮದುವೆ ಕರೆಯೋಲೆ ಅಂತ ವಾಟ್ಸಾಪಿಗೆ ಬರುವ ಎಪಿಕೆ ಫೈಲು, ಅಂದರೆ ಆ್ಯಪ್ ಹಾಕುವ ಫೈಲು, ತೆರೆದು ಇನ್‌ಸ್ಟಾಲ್ ಮಾಡಿದರೆ ಫೋನೇ ಅವರ ಕೈಗೆ. ಆದರೆ ಎರಡು ಮಾತು ಹೆಚ್ಚುಕಮ್ಮಿ ಎಲ್ಲ ಕಥೆಯಲ್ಲೂ ಬರುತ್ತವೆ: ಫೋನ್ ಇಡಬೇಡಿ, ಯಾರಿಗೂ ಹೇಳಬೇಡಿ. ನಿಜವಾದ ಆಫೀಸಿನವರು ಯಾವತ್ತಾದರೂ ಫೋನ್ ಇಡಬೇಡಿ ಅಂದದ್ದುಂಟಾ? ಅವರೇ ಮೊದಲು ಇಡುತ್ತಾರೆ. 'ಸಾಹೇಬ್ರು ಊಟಕ್ಕೆ ಹೋಗಿದಾರೆ, ನಾಳೆ ಬನ್ನಿ' ಅಂತಾರೆ. ವಿಡಿಯೋ ಕಾಲಿನಲ್ಲಿ ಅರೆಸ್ಟ್ ಮಾಡುವ ಕಾನೂನು ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ. ಹಾಜರಾಗಿ ಅನ್ನೋ ನೋಟಿಸನ್ನು ಕೂಡ ವಾಟ್ಸಾಪಿನಲ್ಲಿ ಕಳಿಸಬಾರದು ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಪೊಲೀಸರಿಗೆ ಹೇಳಿದೆ, ಇನ್ನು ಅರೆಸ್ಟ್ ಎಲ್ಲಿಂದ ಬಂತು.

ನಂಬರ್ ನೋಡಿ ಕಂಡುಹಿಡಿಯಬಹುದಾ ಅಂತ ಕೇಳುತ್ತಾರೆ. ಸ್ವಲ್ಪ ಮಟ್ಟಿಗೆ. ಬ್ಯಾಂಕಿನವರು ವ್ಯವಹಾರದ ವಿಷಯಕ್ಕೆ ಫೋನ್ ಮಾಡುವುದಾದರೆ 1600ರಿಂದ ಶುರುವಾಗುವ ನಂಬರಿಂದ ಮಾಡಬೇಕು, ಏನಾದರೂ ಮಾರೋದಾದರೆ 140ರಿಂದ, ಅಂತ ರಿಸರ್ವ್ ಬ್ಯಾಂಕ್ 2025ರಲ್ಲಿ ಹೇಳಿದೆ. ಸಾದಾ ಮೊಬೈಲ್ ನಂಬರಿಂದ 'ಬ್ಯಾಂಕಿಂದ ಮಾತಾಡ್ತಿದೀನಿ' ಅಂದರೆ ಅಲ್ಲೇ ಅನುಮಾನ ಪಡಿ. ಸಂಚಾರ್ ಸಾಥಿ ಅನ್ನೋ ಸರ್ಕಾರಿ ವೆಬ್‌ಸೈಟಿನಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇದೆ ಅಂತ ನೋಡಬಹುದು, ಇಂಥ ಫೋನ್ ಬಂದರೆ ಅಲ್ಲೇ ದೂರು ಕೊಡಬಹುದು. ಅಮ್ಮನ ಹೆಸರಿನಲ್ಲಿ ನೋಡಿದೆ. ಮೂರು ಇತ್ತು. ಒಂದು ಅವಳದು, ಒಂದು ನನ್ನ ಕಾಲೇಜು ಕಾಲದ್ದು, ಮೂರನೆಯದು ಯಾರದ್ದೋ. ಅದನ್ನು ತೆಗೆಸಿದೆವು. ಆದರೆ ಇದೆಲ್ಲ ಸಮಾಧಾನವಾಗಿ ಕೂತಾಗ ಮಾಡುವ ಕೆಲಸ. ಕುಕ್ಕರ್ ಕೂಗುತ್ತಿರುವಾಗ 1600 ನೆನಪಾಗುವುದಿಲ್ಲ.

ಆ ಕಡೆ ಕೂತವರು

ಅಮ್ಮ ಒಮ್ಮೆ ಕೇಳಿದಳು, 'ಅವರೂ ಯಾರೋ ಹೆತ್ತ ಮಕ್ಕಳೇ ಅಲ್ವಾ, ಹೇಗಪ್ಪಾ ಮನಸ್ಸು ಬರುತ್ತೆ?' ಮೊದಲು ಇಂಥ ಫೋನು ಅಂದರೆ ಜಾರ್ಖಂಡಿನ ಜಾಮ್‌ತಾರಾ ಅಂತಿದ್ದರು, ಆಮೇಲೆ ಹರಿಯಾಣ, ರಾಜಸ್ಥಾನ ಕಡೆಯ ಮೇವಾತ್. ಈಗ ಕಾಂಬೋಡಿಯಾ, ಮ್ಯಾನ್ಮಾರ್ ಕಡೆಯಿಂದಲೂ ಬರುತ್ತವೆ. ಡೇಟಾ ಎಂಟ್ರಿ ಕೆಲಸ, ಒಳ್ಳೆ ಸಂಬಳ ಅಂತ ಹುಡುಗರನ್ನು ಕರೆಸಿಕೊಂಡು, ಪಾಸ್‌ಪೋರ್ಟ್ ಕಿತ್ತುಕೊಂಡು, ಬೇಲಿಯೊಳಗೆ ಕೂರಿಸಿ ಈ ಕೆಲಸ ಮಾಡಿಸುತ್ತಾರೆ. 2025ರ ಮಾರ್ಚಿನಲ್ಲಿ ಮ್ಯಾನ್ಮಾರ್-ಥಾಯ್ಲೆಂಡ್ ಗಡಿಯಿಂದ 549 ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ವಾಪಸ್ ಕರೆತಂದರು. ಅಮ್ಮನಿಗೆ ಎರಡು ನಿಮಿಷ ಟೈಮ್ ಕೊಟ್ಟವನು ದುಡ್ಡಿನ ರುಚಿ ಹತ್ತಿದವನೋ, ಅಂಥದ್ದೇ ಬೇಲಿಯೊಳಗೆ ಹೊಡೆತ ತಿಂದು ಕೂತವನೋ ನನಗೆ ಗೊತ್ತಾಗುವ ದಾರಿಯಿಲ್ಲ. ಇದನ್ನು ಹೇಳಿದಾಗ ಅಮ್ಮ 'ಅಯ್ಯೋ ಪಾಪ' ಅಂದಳು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ.

ಈಗ

ಆ ಸಂಕ್ರಾಂತಿಯ ಮಾರನೇ ದಿನ ನಾನು ಅಮ್ಮನಿಗೆ ಸೋಫಾ ಕಥೆ ಹೇಳಿದೆ. ಎರಡು ವರ್ಷ ಮುಚ್ಚಿಟ್ಟಿದ್ದು. ನಾಲ್ಕು ಅಂಕಿ ಒತ್ತಿದ್ದೆ ಅಂತಲೂ ಹೇಳಿದೆ. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಆದಮೇಲೆ 'ಅಷ್ಟೂ ಗೊತ್ತಾಗಲ್ವೇನೋ ನಿಂಗೆ' ಅಂದಳು. ಸರಿಯಾಗಿ ನಾನು ಅಂದ ದನಿಯಲ್ಲೇ.

ಅಂದಿನಿಂದ ಅಮ್ಮ ಯಾವ ಫೋನ್ ಬಂದರೂ ನನಗೆ ಹೇಳುತ್ತಾಳೆ. ಮೀಟಿಂಗಿನ ಮಧ್ಯೆ, ಮೆಟ್ರೋದಲ್ಲಿ ನಿಂತಾಗ, ರಾತ್ರಿ ಹತ್ತಕ್ಕೆ. ಮೊನ್ನೆ ಗ್ಯಾಸಿನವರು ಕೆವೈಸಿ ಮಾಡಿಸಿ ಅಂದಿದ್ದಾರೆ, ಮೋಸ ತಾನೇ ಅಂದಳು. ಅಲ್ಲ, ಅದು ನಿಜವಾಗಿಯೂ ಮಾಡಿಸಬೇಕಿತ್ತು, ಏಜೆನ್ಸಿಗೇ ಹೋಗಿ ಬೆರಳೊತ್ತಿ ಬಾ ಅಂದೆ. ಕೆಲವು ಸಲ ರೇಗಿ ಹೋಗುತ್ತೆ. ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡು 'ಒಳ್ಳೇದಾಯ್ತು ಕೇಳಿದ್ದು' ಅನ್ನುತ್ತೇನೆ. ಪ್ರತಿ ಸಲವೂ ಅನ್ನುತ್ತೇನೆ ಅಂದರೆ ಸುಳ್ಳಾಗುತ್ತೆ.

ಗೊತ್ತಿಲ್ಲದ ನಂಬರ್ ಬಂದರೆ ಎತ್ತಲೇಬೇಡ ಅಂತ ಹೇಳಿ ನೋಡಿದ್ದೆ. ಅದು ಅವಳಿಂದ ಆಗಲಿಲ್ಲ. ಫೋನ್ ಇಟ್ಟುಬಿಡು ಅಂದೆ, ಅದೂ ಆಗಲಿಲ್ಲ, ಪಾಪ ಅನ್ಸುತ್ತೆ ಅಂದಳು. ಕೊನೆಗೆ ಅವಳೇ ಒಂದು ದಾರಿ ಹುಡುಕಿಕೊಂಡಳು. ದುಡ್ಡು, ಆಧಾರ್, ಆಫೀಸರ್, ಇದರಲ್ಲಿ ಯಾವ ಮಾತು ಬಂದರೂ 'ಒಂದ್ನಿಮಿಷ ಇರಿ, ಪಕ್ಕದ ಮನೆಯವರನ್ನ ಕರೀತೀನಿ, ಅವರ ಹತ್ರ ಮಾತಾಡಿ' ಅನ್ನುತ್ತಾಳೆ. ತುಂಬಾ ಮರ್ಯಾದೆಯಿಂದಲೇ ಹೇಳುತ್ತಾಳೆ. ಹೆಚ್ಚಿನವರು ಅಲ್ಲೇ ಫೋನ್ ಇಟ್ಟುಬಿಡುತ್ತಾರಂತೆ.

ಹೋದ ವಾರ ಒಬ್ಬ ಇಡಲಿಲ್ಲ. ಹೊಸ ನಂಬರು, 'ಅಮ್ಮಾ, ದುಡ್ಡು ಎಂಬತ್ತು ರೂಪಾಯಿ ಆಗುತ್ತೆ' ಅಂತ ಶುರು ಮಾಡಿದನಂತೆ. ಅಮ್ಮ ತನ್ನ ಮಾತು ಹೇಳಿದಳು. ಆ ಕಡೆಯಿಂದ ಒಂದು ಕ್ಷಣ ಮಿಷನ್ನಿನ ಗರಗರ ಸದ್ದು. ಆಮೇಲೆ ಹಿಟ್ಟಿನ ಮಿಲ್ಲಿನ ಹುಡುಗನ ದನಿ: 'ಕರೀರಮ್ಮ, ಅವರ ರಾಗೀನೂ ಆಗಿದೆ.'